ಅಜೋಲ್ಲಾ ಬೆಳೆಯುವುದು ನಿಂತಿದೆಯಾ? ಬೂಸ್ಟಿನ ವಿಷ ಹೌದೋ ಅಲ್ಲವೋ ಪತ್ತೆ ಮಾಡುವ ಬಗೆ

ಅಜೋಲ್ಲಾ ಎಂದರೆ ದನದ ಮೇವಿಗೆ ನಾವು ನೀರಿನ ತೊಟ್ಟಿಯಲ್ಲಿ ಬೆಳೆಸುವ ತೇಲುವ ಗಿಡ. ಹೋದ ವರ್ಷ ಆಷಾಢದಲ್ಲಿ ನಮ್ಮ ಅಜೋಲ್ಲಾ ತೊಟ್ಟಿ ನಾಲ್ಕೇ ದಿನದಲ್ಲಿ ಬೆಳೆಯದೆ ನಿಂತುಹೋಯಿತು. ಸತ್ತಿರಲಿಲ್ಲ. ಮೇಲಿಂದ ನೋಡಿದರೆ ಹಸಿರಾಗೇ ಇತ್ತು. ದಿನಾ ಬೆಳಗ್ಗೆ ಅರ್ಧ ಕೆಜಿ ತೆಗೆದರೂ ಮಾರನೇ ದಿನಕ್ಕೆ ಮುಚ್ಚಿಕೊಳ್ಳುತ್ತಿದ್ದ ಜಾಗ ಮಾತ್ರ ಖಾಲಿಯಾಗಿಯೇ ಉಳಿಯಿತು. ಒಂದು ಗಿಡ ಎತ್ತಿ ಅಂಗೈ ಮೇಲೆ ಮಗುಚಿ ಹಾಕಿದೆ. ಅಡಿಯಲ್ಲಿ ಬೇರೇ ಇರಲಿಲ್ಲ. ಇನ್ನೊಂದು ಎತ್ತಿದೆ, ಅದಕ್ಕೂ ಇಲ್ಲ. ನೀರಿಗೆ ಬೆಳಕು ಬೀಳುವ ಹಾಗೆ ಬಗ್ಗಿ ನೋಡಿದರೆ ಉದುರಿದ ಬೇರುಗಳು ತಲೆಗೂದಲಿನ ಹಾಗೆ ತೇಲುತ್ತಿದ್ದವು.

ಅದಕ್ಕೆ ಐದು ದಿನ ಮುಂಚೆ ಕೊಟ್ಟಿಗೆಯ ಮೂಲೆಯಲ್ಲಿದ್ದ ಕಡಲೆಕಾಯಿ ಹಿಂಡಿ ಚೀಲಕ್ಕೆ ಮಳೆ ನೀರು ಸೋರಿ ಹಸಿರು ಬೂಸ್ಟು ಬಂದಿತ್ತು. "ದನಕ್ಕೆ ಹಾಕಕ್ಕಾಗಲ್ಲ, ಗೊಬ್ಬರಕ್ಕಾದ್ರೂ ಆಗ್ಲಿ ಬಿಡು" ಅಂದರು ಅತ್ತೆ. ನನಗೂ ಸರಿ ಅನ್ನಿಸಿತು. ನೆನೆಸಿ, ಸಗಣಿ ಬಗ್ಗಡದ ಜೊತೆ ತೊಟ್ಟಿಗೆ ಸುರಿದೆ.

ತೊಟ್ಟಿ ನಿಂತಾಗ ನಾನು ಮೊದಲು ದೂರಿದ್ದು ಮೋಡವನ್ನು. ಆಮೇಲೆ ಬೋರ್‌ವೆಲ್ ನೀರನ್ನು. ಹಿಂಡಿಯ ನೆನಪಾಗಿದ್ದು ಕೊನೆಗೆ. ಹಾಗಂತ ಎಲ್ಲ ತೊಂದರೆಗೂ ಬೂಸ್ಟೇ ಕಾರಣ ಅಂತಲೂ ಹೇಳುವ ಹಾಗಿಲ್ಲ. ಜಾಸ್ತಿ ಸಲ ಕಾರಣ ಇನ್ನೂ ಸರಳವಾದದ್ದೇ ಇರುತ್ತದೆ. ಅದಕ್ಕೆ ಕಾಸು ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಬರೆದಿದ್ದೇನೆ. ಅವು ಮುಗಿದ ಮೇಲೆ ಬೇಸನ್ ಪರೀಕ್ಷೆ. ಕಾರಣ ಊಹಿಸುತ್ತಾ ಕೂರುವ ಬದಲು ಗಿಡವನ್ನೇ ಕೇಳಿಬಿಡಬಹುದು, ಅದು ಒಂದು ವಾರದಲ್ಲಿ ಉತ್ತರ ಕೊಡುತ್ತದೆ.

ಸರಿಯಾಗಿರುವ ತೊಟ್ಟಿ ಹೇಗಿರುತ್ತದೆ

ನಮ್ಮದು ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಗುಂಡಿ, ಒಳಗೆ ಸಿಲ್ಪಾಲಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ. ಜರಡಿ ಹಿಡಿದ ಮಣ್ಣು 10ರಿಂದ 15 ಕೆಜಿ, ಸಗಣಿ 2 ಕೆಜಿ, ಸೂಪರ್ ಫಾಸ್ಫೇಟ್ ಎಂಬ ರಂಜಕದ ಗೊಬ್ಬರ 30 ಗ್ರಾಂ, ಸುಮಾರು 10 ಸೆಂಟಿಮೀಟರ್ ನೀರು. ಬಹಳ ಕಡೆ ಹೇಳಿಕೊಡುವ ಲೆಕ್ಕ ಇದೇ. ಐದು ದಿನಕ್ಕೊಮ್ಮೆ ಒಂದು ಕೆಜಿ ಸಗಣಿ, 20 ಗ್ರಾಂ ಸೂಪರ್ ಫಾಸ್ಫೇಟ್. ಹತ್ತು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲು. ತಿಂಗಳಿಗೊಮ್ಮೆ 5 ಕೆಜಿ ಹಳೇ ಮಣ್ಣು ತೆಗೆದು ಹೊಸದು ಹಾಕುವುದು. ಇಷ್ಟು ಮಾಡಿದರೆ ದಿನಕ್ಕೆ ಅರ್ಧ ಕೆಜಿ ಹಸಿ ಅಜೋಲ್ಲಾ ಸಿಗುತ್ತದೆ. ಒಳ್ಳೇ ಹವೆಯಲ್ಲಿ ವಾರದೊಳಗೆ ಗಿಡ ಎರಡರಷ್ಟಾಗುತ್ತದೆ.

ಅಜೋಲ್ಲಾ ಒಂದು ತೇಲುವ ಜರೀಗಿಡ. ಇದರ ಎಲೆಯ ಒಳಗಿನ ಪುಟ್ಟ ಗೂಡಿನಲ್ಲಿ ಅನಾಬೀನಾ ಎಂಬ ಜೀವಿ ವಾಸವಾಗಿದ್ದು, ಗಾಳಿಯ ಸಾರಜನಕವನ್ನು ಗಿಡಕ್ಕೆ ಕಟ್ಟಿಕೊಡುತ್ತದೆ. ಹಾಗಾಗಿ ಸಾರಜನಕ ಕಮ್ಮಿಯಾಗಿ ಅಜೋಲ್ಲಾ ನಿಲ್ಲುವುದು ಅಪರೂಪ. ರಂಜಕ ಕಮ್ಮಿಯಾಗಿ ನಿಲ್ಲುವುದು ತೀರಾ ಸಾಮಾನ್ಯ.

ಹಸಿರಾಗಿದೆ, ಆದರೆ ಹೆಚ್ಚುತ್ತಿಲ್ಲ

ಮೊದಲು ಬೆರಳಿನಿಂದ ಗಿಡಗಳನ್ನು ಸರಿಸಿ ನೋಡಿ. ಒಂದರ ಮೇಲೊಂದು ಏರಿ ದಪ್ಪ ಚಾಪೆಯ ಹಾಗೆ ಕೂತಿದ್ದರೆ ರೋಗ ಏನೂ ಇಲ್ಲ, ಜಾಗ ಇಲ್ಲ ಅಷ್ಟೇ. ಮೂರನೇ ಒಂದು ಭಾಗ ತೆಗೆದುಬಿಡಿ. ಎರಡು ದಿನದಲ್ಲಿ ಮತ್ತೆ ಹರಡಲು ಶುರುವಾದರೆ ಮುಂದೆ ಓದುವ ಅಗತ್ಯವೇ ಇಲ್ಲ.

ಜಾಗ ಇದ್ದೂ ಹೆಚ್ಚುತ್ತಿಲ್ಲವೆಂದರೆ ಮಧ್ಯಾಹ್ನ ಎರಡು ಗಂಟೆಗೆ ನೀರಿಗೆ ಕೈ ಇಟ್ಟು ನೋಡಿ. 20ರಿಂದ 28 ಡಿಗ್ರಿ ಅಜೋಲ್ಲಾಗೆ ಹಿತ. ನೀರು 35 ಡಿಗ್ರಿ ದಾಟಿದರೆ ಬೆಳವಣಿಗೆ ನಿಲ್ಲುತ್ತದೆ. ಕೈಗೆ ಉಗುರು ಬೆಚ್ಚಗೆ ತಾಗಿದರೆ ಆಗಲೇ ಜಾಸ್ತಿಯಾಗಿದೆ ಎಂದೇ ಅರ್ಥ. ನೆರಳು ಪರದೆ ಕಟ್ಟಿ, ನೀರಿನ ಮಟ್ಟ ಏರಿಸಿ.

ಇನ್ನು ಬೇರು ನೋಡಿ. ಉದ್ದುದ್ದ, ಸುರುಳಿ ಸುತ್ತಿದ ಬೇರು ಇದ್ದರೆ ಗಿಡ ಆಹಾರ ಹುಡುಕುತ್ತಿದೆ. ಸಗಣಿ, ಸೂಪರ್ ಫಾಸ್ಫೇಟ್ ಹಾಕಿ ಎಷ್ಟು ದಿನ ಆಯಿತು ಅಂತ ಲೆಕ್ಕ ಹಾಕಿ. ಬೇರೇ ಇಲ್ಲದಿದ್ದರೆ ಕೆಳಗೆ "ಬೇರು ಉದುರಿಸಿದೆ" ಎನ್ನುವ ಭಾಗಕ್ಕೆ ನೇರ ಹೋಗಿ.

ಕೆಂಪಾಗಿದೆ

ಇದಕ್ಕೆ ಬಹಳ ಜನ ಹೆದರುತ್ತಾರೆ. ಬಿರುಬಿಸಿಲು, ಚಳಿ, ರಂಜಕದ ಕೊರತೆ, ಉಪ್ಪು ನೀರು, ಈ ನಾಲ್ಕರಲ್ಲಿ ಯಾವುದಾದರೂ ಸರಿ, ಗಿಡ ಕೆಂಪು ಬಣ್ಣ ತುಂಬಿಕೊಳ್ಳುತ್ತದೆ. ಬಿಸಿಲು ಬೀಳುವ ಕಡೆ ಮಾತ್ರ ಕೆಂಪಾಗಿದ್ದರೆ ನೆರಳು ಸಾಕು. ತೊಟ್ಟಿ ಪೂರ್ತಿ ಕೆಂಪಾಗಿ ಗಿಡಗಳು ಸಣ್ಣಗಾಗಿದ್ದರೆ 20 ಗ್ರಾಂ ಸೂಪರ್ ಫಾಸ್ಫೇಟ್ ಕರಗಿಸಿ ಹಾಕಿ ಒಂದು ವಾರ ಕಾಯಿರಿ. ಬೇಸಿಗೆಯಲ್ಲಿ ನೀರು ಆರಿದಷ್ಟೂ ಬೋರ್‌ವೆಲ್ ನೀರನ್ನೇ ತುಂಬುತ್ತಾ ಹೋದರೆ ಉಪ್ಪು ತಳದಲ್ಲೇ ಸೇರುತ್ತಾ ಹೋಗುತ್ತದೆ. ಅದಕ್ಕೆ ತುಂಬುವುದಲ್ಲ, ಹಳೇ ನೀರು ತೆಗೆದು ಹೊಸದು ಹಾಕಬೇಕು. ಕೆಂಪು ಬಣ್ಣ ಒಂದನ್ನೇ ನೋಡಿ ಬೂಸ್ಟಿನ ವಿಷ ಅಂತ ತೀರ್ಮಾನ ಮಾಡಬೇಡಿ.

ನೀರು ನಾರುತ್ತಿದೆ, ಅಥವಾ ಪೂರ್ತಿ ಹಸಿರಾಗಿದೆ

ಹಸಿರು ನೀರೆಂದರೆ ಪಾಚಿ. ಅಜೋಲ್ಲಾ ತೆಳ್ಳಗಿದ್ದು ಬಿಸಿಲು ನೀರಿಗೆ ಬಿದ್ದಾಗ ಬರುತ್ತದೆ. ನೆರಳು ಮಾಡಿ, ಬೇರೆ ಕಡೆಯಿಂದ ಒಂದಿಷ್ಟು ಅಜೋಲ್ಲಾ ತಂದು ಮೇಲ್ಭಾಗ ಮುಚ್ಚಿಸಿ.

ಮೂಗಿಗೆ ಘಾಟು ಹೊಡೆದರೆ ಅಮೋನಿಯಾ. ಸಗಣಿ ಜಾಸ್ತಿ ಬಿದ್ದಿದೆ, ಇಲ್ಲವೇ ಗಂಜಲ ಸೇರಿದೆ. ಅರ್ಧ ನೀರು ಬದಲಿಸಿ, ವಾರ ಸಗಣಿ ನಿಲ್ಲಿಸಿ. ಇಲ್ಲೇ ಇನ್ನೊಂದು ವಿಷಯ ನೋಡಿಕೊಳ್ಳಿ. ಕೊಟ್ಟಿಗೆಯನ್ನು ಫಿನಾಯಿಲ್ ಹಾಕಿ ತೊಳೆದ ದಿನದ ಸಗಣಿ ನೀರು ತೊಟ್ಟಿಗೆ ಹೋಗಿದೆಯಾ? ಹೊಲಕ್ಕೆ ಕಳೆನಾಶಕ ಹೊಡೆದ ಕ್ಯಾನಿನಲ್ಲೇ ಯಾರಾದರೂ ನೀರು ತಂದು ಸುರಿದರಾ? ಪಾತ್ರೆ ತೊಳೆದ ಸೋಪಿನ ನೀರು ಹರಿದು ಬಂದಿದೆಯಾ? ಇವೆಲ್ಲವೂ ಬೂಸ್ಟಿನ ವಿಷದ ಹಾಗೇ ಕಾಣಿಸುತ್ತವೆ. ಮನೆಯಲ್ಲಿ ಎಲ್ಲರನ್ನೂ ಒಂದು ಸಲ ಕೇಳಿ, ಅದಕ್ಕೇನೂ ಖರ್ಚಿಲ್ಲ.

ಎಲೆ ತೂತು, ಬಲೆ ಕಟ್ಟಿದ ಹಾಗೆ

ನಾಲ್ಕೈದು ಗಿಡ ಸೇರಿಸಿ ನೂಲಿನಿಂದ ಹೊಲಿದ ಹಾಗಿದ್ದರೆ ಬಿಡಿಸಿ ನೋಡಿ, ಒಳಗೆ ಹಸಿರು ಹುಳು ಕೂತಿರುತ್ತದೆ. ಇದು ಪತಂಗದ ಮರಿ, ಬೂಸ್ಟಿನ ನೂಲಲ್ಲ. ಬಸವನ ಹುಳುಗಳೂ ಬೇರು ಮೇಯುತ್ತವೆ. ಕಾಣಿಸಿದ್ದನ್ನು ಆರಿಸಿ ತೆಗೆಯಿರಿ, ರಾತ್ರಿ ಸೊಳ್ಳೆ ಪರದೆ ಮುಚ್ಚಿ. ಹರಳು ಕೀಟನಾಶಕ ಹಾಕಿ ಅಂತ ಹೇಳುವವರಿದ್ದಾರೆ. ದಯವಿಟ್ಟು ಹಾಕಬೇಡಿ. ಈ ಗಿಡ ಹೋಗುವುದು ಹಸುವಿನ ಬಾಯಿಗೆ, ಅಲ್ಲಿಂದ ನಮ್ಮ ಹಾಲಿಗೆ.

ಕಪ್ಪು ತೇಪೆ, ಬಿಳಿ ನೂಲು, ಸಾಸಿವೆಯಂಥ ಕಾಳು

ಇಲ್ಲಿಂದ ಶಿಲೀಂಧ್ರದ, ಅಂದರೆ ಬೂಸ್ಟಿನ ಕಥೆ ಶುರು.

ತೊಟ್ಟಿಯ ಒಂದು ಮೂಲೆಯಲ್ಲಿ ಕಂದು ಬಣ್ಣದ ತೇಪೆ ಕಾಣಿಸಿ, ದಿನದಿಂದ ದಿನಕ್ಕೆ ದುಂಡಗೆ ಹರಡಿ, ಮಧ್ಯದಲ್ಲಿ ಗಿಡ ಕಪ್ಪಾಗಿ ಕೊಳೆಯುತ್ತಿದ್ದರೆ ಶಿಲೀಂಧ್ರ ಜೀವಂತವಾಗಿ ತೊಟ್ಟಿಯಲ್ಲೇ ಇದೆ. ಬೆಳಗಿನ ಹೊತ್ತು, ಬಿಸಿಲೇರುವ ಮುಂಚೆ ನೋಡಿದರೆ ತೇಪೆಯ ಅಂಚಿನಲ್ಲಿ ಜೇಡನ ಎಳೆಯಂಥ ನೂಲು ಕಾಣುತ್ತದೆ.

ಅಜೋಲ್ಲಾವನ್ನು ಹೀಗೆ ಕೊಳೆಸುವುದರಲ್ಲಿ ಎರಡು ನಮ್ಮ ಹೊಲದ ಹಳೇ ಶತ್ರುಗಳೇ. ಒಂದು ರೈಜೋಕ್ಟೋನಿಯಾ ಸೊಲಾನಿ, ಭತ್ತಕ್ಕೆ ಎಲೆಕವಚದ ಅಂಗಮಾರಿ ತರುವಂಥದ್ದು. ಇನ್ನೊಂದು ಸ್ಕ್ಲೆರೋಶಿಯಂ ರಾಲ್ಫ್ಸಿ, ಕಡಲೆಕಾಯಿ ಗಿಡದ ಬುಡ ಕೊಳೆಸುವಂಥದ್ದು. ಎರಡನೆಯದರ ಗುರುತು ಸುಲಭ. ಬಿಳಿ ನೂಲಿನ ಮಧ್ಯೆ ಮೊದಲು ಬಿಳಿ, ಆಮೇಲೆ ಕಂದಾಗುವ ಸಾಸಿವೆ ಕಾಳಿನಂಥ ಗುಂಡು ಗಂಟುಗಳು. ಕಡಲೆಕಾಯಿ ಬೆಳೆದವರು ಇದನ್ನು ನೋಡಿಯೇ ಇರುತ್ತೀರಿ.

ಇವು ಗಿಡವನ್ನು ಬರೀ ತಿನ್ನುವುದಿಲ್ಲ. ಮೊದಲು ವಿಷ ಬಿಡುತ್ತವೆ, ಆಮೇಲೆ ತಿನ್ನುತ್ತವೆ. ಸ್ಕ್ಲೆರೋಶಿಯಂ ಆಕ್ಸಾಲಿಕ್ ಆಮ್ಲ ಬಿಡುತ್ತದೆ. ಆ ಆಮ್ಲ ಗಿಡದ ಕೋಶಗಳನ್ನು ಹಿಡಿದಿಟ್ಟಿರುವ ಸುಣ್ಣದ ಅಂಶವನ್ನು ಎಳೆದುಕೊಂಡುಬಿಡುತ್ತದೆ, ಗೋಡೆ ಸಡಿಲವಾಗುತ್ತದೆ. ರೈಜೋಕ್ಟೋನಿಯಾ ಬಿಡುವುದು ಫಿನೈಲ್ ಅಸಿಟಿಕ್ ಆಮ್ಲ. ಕೆರೆಯ ನೇರಳೆ ಹೂವಿನ ವಾಟರ್ ಹಯಸಿಂತ್ ಇದೆಯಲ್ಲ, ಕೆಲವರು ಅದನ್ನೂ ಅಂತರಗಂಗೆ ಎನ್ನುತ್ತಾರೆ, ಅದರ ಮೇಲೂ ಇಂಥ ಶಿಲೀಂಧ್ರಗಳಿವೆ. ಆಲ್ಟರ್ನೇರಿಯಾ ಐಕಾರ್ನಿಯೇ ಎಂಬುದನ್ನು 1970ರಲ್ಲಿ ನಾಗರಾಜ್ ಮತ್ತು ಪೊನ್ನಪ್ಪ ಎಂಬ ವಿಜ್ಞಾನಿಗಳು ಭಾರತದಲ್ಲೇ ಗುರುತಿಸಿ ಹೆಸರಿಟ್ಟರು. ಅದು ಬಾಸ್ಟ್ರೈಸಿನ್ ಎಂಬ ಕೆಂಪು ವಿಷ ಬಿಡುತ್ತದೆ. ಸರ್ಕೋಸ್ಪೋರಾ ಜಾತಿಯವು ಬಿಡುವ ಸರ್ಕೋಸ್ಪೋರಿನ್ ಇನ್ನೂ ವಿಚಿತ್ರ. ಕತ್ತಲಲ್ಲಿ ಸುಮ್ನೆ ಇರುತ್ತದೆ, ಬೆಳಕು ಬಿದ್ದೊಡನೆ ಕೋಶದ ಪೊರೆಯನ್ನು ಸುಡುತ್ತದೆ. ಕೆರೆಯ ಕಳೆ ಕೊಲ್ಲಲು ಇವನ್ನೇ ಬಳಸಬಹುದಾ ಅಂತ ವಿಜ್ಞಾನಿಗಳು ವರ್ಷಗಟ್ಟಲೆ ಹುಡುಕಿದ್ದಾರೆ. ಕಳೆಗೆ ಬೇಕಾದ ವಿಷವೇ ನಮ್ಮ ತೊಟ್ಟಿಗೆ ಬೇಡವಾದದ್ದು.

ಮಾಡಬೇಕಾದ್ದು: ತೇಪೆಯನ್ನು ಸುತ್ತ ಒಂದು ಗೇಣು ಒಳ್ಳೇ ಗಿಡ ಸೇರಿಸಿ ಜರಡಿಯಿಂದ ಎತ್ತಿ, ದೂರ ಗುಂಡಿ ತೆಗೆದು ಹೂಳಿ. ದಟ್ಟಣೆ ಕಮ್ಮಿ ಮಾಡಿ, ಗಾಳಿ ಆಡಲಿ. ಮೂರು ದಿನದಲ್ಲಿ ಮತ್ತೆ ತೇಪೆ ಬಂದರೆ ತೊಟ್ಟಿ ಖಾಲಿ ಮಾಡುವುದೇ ದಾರಿ. ಆ ಸಾಸಿವೆ ಗಂಟುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಹಾಗಾಗಿ ಹಳೇ ಮಣ್ಣನ್ನು ಮತ್ತೆ ಬಳಸಬೇಡಿ, ತರಕಾರಿ ಮಡಿಗೂ ಹಾಕಬೇಡಿ. ಶಿಲೀಂಧ್ರನಾಶಕ ಸಿಂಪಡಿಸಿದ ಅಜೋಲ್ಲಾ ದನಕ್ಕೆ ಹಾಕುವಂತಿಲ್ಲ, ಆದ್ದರಿಂದ ಆ ಯೋಚನೆಯೇ ಬೇಡ.

ಎಲೆ ಹಸಿರಾಗಿದೆ, ಆದರೆ ಬೇರು ಉದುರಿಸಿದೆ

ನನ್ನ ತೊಟ್ಟಿಯಲ್ಲಿ ಆಗಿದ್ದು ಇದೇ. ಅಜೋಲ್ಲಾಗೆ ಒಂದು ಸ್ವಭಾವ ಇದೆ. ಏನಾದರೂ ಥಟ್ಟನೆ ಆಗದ್ದು ನೀರಿಗೆ ಬಿದ್ದರೆ ಬೇರನ್ನು ತಾನೇ ಕಳಚಿ ಹಾಕುತ್ತದೆ. ವಿಷ, ವಿಪರೀತ ಬಿಸಿ, ರಾಸಾಯನಿಕ, ಯಾವುದಕ್ಕೂ ಹೀಗೇ. ಎಲೆ ಬಣ್ಣ ಕೆಡುವುದಕ್ಕೆ ಎಷ್ಟೋ ಮುಂಚೆ ಬೇರು ಹೋಗಿರುತ್ತದೆ. ಹಾಗಾಗಿ ದಿನಾ ಕೊಯ್ಯುವಾಗ ಎರಡು ಗಿಡ ಮಗುಚಿ ನೋಡುವ ಅಭ್ಯಾಸ ಒಳ್ಳೆಯದು.

ತೊಟ್ಟಿಯಲ್ಲಿ ನೂಲೂ ಇಲ್ಲ, ತೇಪೆಯೂ ಇಲ್ಲ, ನೀರೂ ಬಿಸಿಯಾಗಿಲ್ಲ, ಆದರೂ ಬೇರು ಉದುರಿದೆ ಎಂದರೆ ವಿಷ ಹೊರಗಿಂದ ಬಂದಿರಬಹುದು. ಹಿಂದಿನ ಒಂದು ವಾರದಲ್ಲಿ ಏನು ಹಾಕಿದಿರಿ ನೆನಪು ಮಾಡಿಕೊಳ್ಳಿ. ಬೂಸ್ಟು ಹಿಡಿದ ಹಿಂಡಿ, ಗಟ್ಟಿಯಾದ ಬೂಸಾ, ನೆನೆದು ಕಪ್ಪಾದ ಮೆಕ್ಕೆಜೋಳದ ನುಚ್ಚು, ಕೊಳೆತ ಹುಲ್ಲಿನ ಬಣವೆಯಿಂದ ಹರಿದ ಕಂದು ನೀರು. ಇಲ್ಲಿ ಶಿಲೀಂಧ್ರ ತೊಟ್ಟಿಗೆ ಬರಬೇಕಾಗಿಯೇ ಇಲ್ಲ. ಅದು ಚೀಲದಲ್ಲೇ ಬೆಳೆದು ವಿಷ ಮಾಡಿಟ್ಟು ಸತ್ತಿದ್ದರೂ ಸಾಕು, ವಿಷ ನೀರಿಗೆ ಬಿಡುತ್ತದೆ.

ಇದು ಸುಮ್ನೆ ಹೇಳುವ ಮಾತಲ್ಲ. ಮೆಕ್ಕೆಜೋಳದ ಬೂಸ್ಟಿನಲ್ಲಿರುವ ಫ್ಯುಮೋನಿಸಿನ್ ಎಂಬ ವಿಷವನ್ನು 1988ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಪತ್ತೆ ಮಾಡಿದರು. ಕೆಲವೇ ವರ್ಷಗಳಲ್ಲಿ ಅಮೆರಿಕದ ಸಂಶೋಧಕರು ಅದನ್ನು ಲೆಮ್ನಾ ಮೇಲೆ ಪರೀಕ್ಷಿಸಿದರು. ಲೆಮ್ನಾ ಎಂದರೆ ನಮ್ಮ ಕೆರೆಕಟ್ಟೆಗಳ ಮೇಲೆ ಹಸಿರು ಚುಕ್ಕಿಗಳ ಹಾಗೆ ತೇಲುವ ಗಿಡ. ಫ್ಯುಮೋನಿಸಿನ್ ಸೋಕಿದ ಲೆಮ್ನಾದ ಬೆಳವಣಿಗೆ ಕುಂಠಿತವಾಯಿತು. ಜೀವಕೋಶದ ಪೊರೆಗೆ ಬೇಕಾದ ಒಂದು ಬಗೆಯ ಕೊಬ್ಬು ಕಟ್ಟುವ ಕೆಲಸಕ್ಕೇ ಆ ವಿಷ ಅಡ್ಡ ಬರುತ್ತದೆ. ಕೊಳೆತ ಹುಲ್ಲಿನ ಕಥೆ ಇನ್ನೂ ಹಳೆಯದು. ಕಟಾವಾದ ಗೋಧಿ ಹೊಲದಲ್ಲಿ ಬಿಟ್ಟ ಕೂಳೆಯ ಮೇಲೆ ಬೆಳೆಯುವ ಪೆನಿಸಿಲಿಯಂ ಬೂಸ್ಟು ಪಾಟ್ಯುಲಿನ್ ಎಂಬ ವಿಷ ಬಿಟ್ಟು ಪೈರನ್ನು ಕುಗ್ಗಿಸುತ್ತದೆ ಎಂದು 1960ರ ದಶಕದಲ್ಲೇ ಅಮೆರಿಕದಲ್ಲಿ ತೋರಿಸಿದ್ದರು.

ಬೇಸನ್ ಪರೀಕ್ಷೆ

ನೀರಿನಲ್ಲಿ ವಿಷ ಇದೆಯಾ ಅಂತ ತಿಳಿಯಲು ಲೆಮ್ನಾ ಗಿಡವನ್ನು ಏಳು ದಿನ ಬೆಳೆಸಿ ಎಣಿಸುವ ವಿಧಾನಕ್ಕೆ 2006ರಲ್ಲಿ ಅಂತರರಾಷ್ಟ್ರೀಯ ನಿಯಮಾವಳಿಯೇ ಬಂತು. ನಾವು ಮನೆಯಲ್ಲಿ ಮಾಡುವುದು ಅದರ ಚಿಕ್ಕ ರೂಪ.

ಬೇಕಾದ್ದು ಒಂದೇ ಅಳತೆಯ ನಾಲ್ಕು ಪ್ಲಾಸ್ಟಿಕ್ ಬೇಸನ್, ಅಡುಗೆಮನೆ ತಕ್ಕಡಿ, ಹಳೇ ಪಂಚೆ ತುಂಡು. ಮತ್ತೆ ಬೇರೆಯವರ ಮನೆಯ ಆರೋಗ್ಯವಾದ ಅಜೋಲ್ಲಾ. ನಮ್ಮ ತೊಟ್ಟಿಯದ್ದನ್ನೇ ಬಳಸಬೇಡಿ, ಅದು ಆಗಲೇ ಪೆಟ್ಟು ತಿಂದಿರುತ್ತದೆ.

ಮೊದಲ ಬೇಸನ್ನಿಗೆ ಎರಡು ಲೀಟರ್ ಒಳ್ಳೇ ನೀರು. ನಲ್ಲಿ ನೀರಾದರೆ ಒಂದು ದಿನ ತೆರೆದಿಟ್ಟು ಬಳಸಿ. ಎರಡನೆಯದಕ್ಕೆ ತೊಟ್ಟಿ ನೀರು, ಬಟ್ಟೆಯಲ್ಲಿ ಸೋಸಿದ್ದು. ಮೂರನೆಯದಕ್ಕೆ ಅರ್ಧ ಅದು, ಅರ್ಧ ಇದು. ನಾಲ್ಕನೆಯದಕ್ಕೆ ಹತ್ತು ನಿಮಿಷ ಕುದಿಸಿ ಪೂರ್ತಿ ಆರಿಸಿದ ತೊಟ್ಟಿ ನೀರು. ಎಲ್ಲಕ್ಕೂ ಒಂದೊಂದು ಹಿಡಿ ಹೊಸ ಮಣ್ಣು, ಒಂದು ಚಿಟಿಕೆ ಸೂಪರ್ ಫಾಸ್ಫೇಟ್. ಆಹಾರ ಎಲ್ಲಕ್ಕೂ ಸಮ ಇದ್ದರೆ ತಾನೇ ವಿಷದ ಪ್ರಭಾವ ಬೇರೆಯಾಗಿ ಕಾಣುವುದು.

ಕುದಿಸುವ ಕೆಲಸ ಹೊರಗಿನ ಒಲೆಯಲ್ಲಿ, ಅಡುಗೆಗೆ ಬಳಸದ ಪಾತ್ರೆಯಲ್ಲಿ ಮಾಡಿ. ಆವಿಯ ಮೇಲೆ ಬಗ್ಗಬೇಡಿ.

ಅಜೋಲ್ಲಾವನ್ನು ಬಟ್ಟೆ ಮೇಲೆ ಎರಡು ನಿಮಿಷ ಬಸಿದು ಹತ್ತು ಹತ್ತು ಗ್ರಾಂ ತೂಗಿ ಬಿಡಿ. ಬೇಸನ್‌ಗಳೆಲ್ಲ ಒಂದೇ ನೆರಳಲ್ಲಿರಲಿ. ಎರಡನೇ ದಿನ ಬೇರು ನೋಡಿ. ಏಳನೇ ದಿನ ಮತ್ತೆ ಅದೇ ರೀತಿ ಬಸಿದು ತೂಗಿ, ಬರೆದಿಡಿ.

ತೂಕ ಏನು ಹೇಳುತ್ತದೆ

ಮೊದಲನೇ ಬೇಸನ್ನಿನಲ್ಲೇ ಬೆಳೆದಿಲ್ಲವೆಂದರೆ ಪರೀಕ್ಷೆ ಕೆಟ್ಟಿದೆ. ತಂದ ಗಿಡ ಸರಿ ಇಲ್ಲ, ಇಲ್ಲವೇ "ಒಳ್ಳೇ ನೀರು" ಒಳ್ಳೆಯದಲ್ಲ. ಬೇರೆ ಮೂಲದ ನೀರಿನಿಂದ ಮತ್ತೆ ಮಾಡಿ.

ನಾಲ್ಕರಲ್ಲೂ ಬೆಳೆದರೆ ತೊಟ್ಟಿ ನೀರಿನ ತಪ್ಪಲ್ಲ. ದಟ್ಟಣೆ, ಬಿಸಿಲು, ಹುಳ ಅಥವಾ ಆಹಾರದ ಕೊರತೆ ಇರಬೇಕು.

ತೊಟ್ಟಿ ನೀರಲ್ಲಿ ನಿಂತು, ಕುದಿಸಿದ್ದರಲ್ಲಿ ಬೆಳೆದರೆ ಕಾರಣ ಹೆಚ್ಚಾಗಿ ಜೀವ ಇರುವಂಥದ್ದು. ತೊಟ್ಟಿಯಲ್ಲೇ ಶಿಲೀಂಧ್ರ ಇದೆ ಅಂತ ಮತ್ತೆ ಹುಡುಕಿ. ಅಮೋನಿಯಾ ಆದರೂ ಕುದಿಸಿದಾಗ ಹಾರಿಹೋಗುತ್ತದೆ, ವಾಸನೆ ಇತ್ತಾ ನೆನಪಿಸಿಕೊಳ್ಳಿ.

ತೊಟ್ಟಿ ನೀರಲ್ಲೂ ಕುದಿಸಿದ್ದರಲ್ಲೂ ನಿಂತು, ಅರ್ಧರ್ಧ ಬೆರೆಸಿದ್ದರಲ್ಲಿ ಸ್ವಲ್ಪ ಬೆಳೆದರೆ, ಶಾಖಕ್ಕೆ ಬಗ್ಗದ ಏನೋ ಕರಗಿದೆ. ಬೂಸ್ಟಿನ ಎಷ್ಟೋ ವಿಷಗಳು ಕುದಿಯುವ ನೀರಿಗೆ ಹಾಳಾಗುವುದಿಲ್ಲ. ಉಪ್ಪೂ ಅಷ್ಟೇ. ನನಗೆ ಸಿಕ್ಕ ಉತ್ತರ ಇದೇ. ಒಳ್ಳೇ ನೀರಿನ ಹತ್ತು ಗ್ರಾಂ ಹತ್ತೊಂಬತ್ತಾಗಿತ್ತು. ತೊಟ್ಟಿ ನೀರಿನದ್ದು ಹತ್ತರಲ್ಲೇ ನಿಂತಿತ್ತು, ಕುದಿಸಿದ್ದರಲ್ಲಿ ಹನ್ನೊಂದು.

ಉಪ್ಪೋ ವಿಷವೋ ಅಂತ ಬೇರೆ ಮಾಡಲು ಐದನೇ ಬೇಸನ್ ಬೇಕು. ಮೀನಿನ ತೊಟ್ಟಿ ಸಾಮಾನು ಮಾರುವ ಅಂಗಡಿಯಲ್ಲಿ ಆಕ್ಟಿವೇಟೆಡ್ ಕಾರ್ಬನ್ ಎಂಬ ಇದ್ದಿಲು ಸಿಗುತ್ತದೆ. ಅದನ್ನು ತೊಳೆದು ಎರಡು ಹಿಡಿ ತೊಟ್ಟಿ ನೀರಿನಲ್ಲಿ ಹಾಕಿ, ಒಂದು ದಿನ ಆಗಾಗ ಕದಡಿ, ಸೋಸಿ, ಅದರಲ್ಲಿ ಅಜೋಲ್ಲಾ ಬಿಡಿ. ಇದ್ದಿಲು ಬೂಸ್ಟಿನ ವಿಷ, ಕಳೆನಾಶಕ, ಫಿನಾಯಿಲ್ ಇಂಥವನ್ನು ಹಿಡಿದುಕೊಳ್ಳುತ್ತದೆ, ಉಪ್ಪನ್ನು ಹಿಡಿಯುವುದಿಲ್ಲ. ಈ ಬೇಸನ್ನಿನಲ್ಲಿ ಗಿಡ ಚೇತರಿಸಿಕೊಂಡರೆ ಉಪ್ಪಲ್ಲ ಅಂತ ಗೊತ್ತಾಯಿತು. ಚೇತರಿಸಿಕೊಳ್ಳದಿದ್ದರೆ ನೀರಿನ ಲವಣಾಂಶ ಪರೀಕ್ಷೆಗೆ ಕೊಡಿ.

ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಅನುಮಾನ ಇರುವ ಚೀಲವನ್ನೇ ಕೇಳುವುದು. ಬೂಸ್ಟು ಹಿಂಡಿ ಹತ್ತು ಗ್ರಾಂ ಒಂದು ಲೀಟರ್ ನೀರಿನಲ್ಲಿ, ಒಳ್ಳೇ ಹಿಂಡಿ ಹತ್ತು ಗ್ರಾಂ ಇನ್ನೊಂದು ಲೀಟರಿನಲ್ಲಿ, ರಾತ್ರಿ ನೆನೆಸಿ ಸೋಸಿ. ಒಂದೊಂದು ಬೇಸನ್ನಿನ ಎರಡು ಲೀಟರಿಗೆ ಅದರಿಂದ ನೂರು ಮಿಲಿಲೀಟರ್ ಮಾತ್ರ ಹಾಕಿ. ಒಳ್ಳೇ ಹಿಂಡಿ ಯಾಕೆ ಬೇಕು ಅಂದರೆ, ಯಾವ ಹಿಂಡಿಯಾದರೂ ನೀರಲ್ಲಿ ಕೊಳೆತಾಗ ಅಮೋನಿಯಾ ಬರುತ್ತದೆ, ಆಮ್ಲಜನಕ ಕಮ್ಮಿಯಾಗುತ್ತದೆ. ಆ ಪೆಟ್ಟನ್ನು ಬೂಸ್ಟಿನ ಲೆಕ್ಕಕ್ಕೆ ಬರೆಯಬಾರದು ಅಲ್ವಾ? ನಮ್ಮ ಮನೆಯಲ್ಲಿ ಎರಡನೇ ದಿನ ಬೆಳಗ್ಗೆ ಒಳ್ಳೇ ಹಿಂಡಿಯ ಬೇಸನ್ನಿನಲ್ಲಿ ಬೇರು ಇದ್ದಂತೇ ಇತ್ತು. ಬೂಸ್ಟು ಹಿಂಡಿಯದ್ದರಲ್ಲಿ ಬೇಸನ್ ಅಲುಗಾಡಿಸಿದರೆ ತಳದಲ್ಲಿ ಬೇರುಗಳು ತೂರಾಡುತ್ತಿದ್ದವು. ಅತ್ತೆಯೂ ಬಗ್ಗಿ ನೋಡಿದರು. ಆ ಚೀಲವನ್ನು ಅವರೇ ಹೊರಗೆ ಎಳೆಸಿದರು.

ಒಂದು ಎಚ್ಚರಿಕೆ. ಈ ಪರೀಕ್ಷೆಯಲ್ಲಿ ಅಜೋಲ್ಲಾ ಬೆಳೆಯಿತು ಅಂದರೆ ಆ ಮೇವು ಹಸುವಿಗೆ ಸುರಕ್ಷಿತ ಅಂತ ಅರ್ಥ ಅಲ್ಲ. ಗಿಡಕ್ಕೆ ತಾಗದ ವಿಷ ಪ್ರಾಣಿಗೆ ತಾಗಬಹುದು. ಬೂಸ್ಟು ಕಂಡ ಹಿಂಡಿಯನ್ನು ಬೇಸನ್ ಏನೇ ಹೇಳಲಿ, ಹಾಕಬೇಡಿ.

ವಿಷ ಅಂತ ಗೊತ್ತಾದ ಮೇಲೆ

ಆ ತೊಟ್ಟಿಯ ಅಜೋಲ್ಲಾವನ್ನು ಹಸು, ಕೋಳಿ, ಮೀನು ಯಾವುದಕ್ಕೂ ಹಾಕುವಂತಿಲ್ಲ. ಗುಂಡಿ ತೋಡಿ ಹೂಳಿ. ನೀರನ್ನು ಬಾವಿ, ಕೆರೆ, ತರಕಾರಿ ಮಡಿಯಿಂದ ದೂರ, ದನ ಮೇಯದ ಖಾಲಿ ನೆಲಕ್ಕೆ ಬಿಡಿ. ಹಾಳೆಯನ್ನು ಎರಡು ಸಲ ಉಜ್ಜಿ ತೊಳೆದು ಮೂರು ದಿನ ಬಿಸಿಲಿಗೆ ಒಣಗಿಸಿ. ಬ್ಲೀಚಿಂಗ್ ಪೌಡರ್ ಹಾಕುವುದಾದರೆ ಸಗಣಿ, ಗಂಜಲದ ಒಂದು ಹನಿಯೂ ಉಳಿಯದಂತೆ ಮೊದಲು ತೊಳೆದಿರಬೇಕು. ಅವೆರಡೂ ಸೇರಿದರೆ ಉಸಿರುಕಟ್ಟಿಸುವ ಅನಿಲ ಬರುತ್ತದೆ.

ಬೂಸ್ಟು ಚೀಲ ಎತ್ತುವಾಗ ಎನ್-95 ಮಾಸ್ಕ್, ಕೈಗವಸು ಹಾಕಿ. ಸೆರಗು, ಟವೆಲ್ ಸಾಲುವುದಿಲ್ಲ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಕೊಡವಬೇಡಿ. ಉಬ್ಬಸ ಇರುವವರು, ಮಕ್ಕಳು ಹತ್ತಿರ ಬೇಡ.

ಇಲ್ಲಿಗೆ ನಿಲ್ಲಿಸಿ, ಬೇರೆಯವರನ್ನು ಕೇಳಿ

ಅದೇ ಚೀಲದ ಹಿಂಡಿಯನ್ನು ದನ ಆಗಲೇ ತಿಂದಿದ್ದರೆ ಬೇಸನ್ನಿಗೆ ಕಾಯಬೇಡಿ. ಮೇವು ಬಿಟ್ಟಿದೆ, ಹಾಲು ಇಳಿದಿದೆ, ಭೇದಿ, ಮಂಕು, ಗಬ್ಬ ಹೋಗುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಪಶು ವೈದ್ಯರನ್ನು ಕರೆಯಿರಿ. ಚೀಲದಿಂದ ಅರ್ಧ ಕೆಜಿ ತೆಗೆದು ಕಾಗದದ ಪೊಟ್ಟಣದಲ್ಲಿ ಕಟ್ಟಿಡಿ. ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಬೆವರಿ ಬೂಸ್ಟು ಇನ್ನೂ ಬೆಳೆಯುತ್ತದೆ.

1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿಯಿಂದಲೇ. ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ ಪತ್ತೆಯಾಗಿದ್ದು ಆ ದುರಂತದ ಬೆನ್ನಿಗೆ. ಹಸು ಅದನ್ನು ತಿಂದರೆ ಒಂದು ದಿನದೊಳಗೆ ಅದರ ಒಂದು ರೂಪ ಹಾಲಿನಲ್ಲಿ ಬರುತ್ತದೆ, ಹಾಲು ಕಾಯಿಸಿದರೆ ಹೋಗುವುದಿಲ್ಲ. ನಮ್ಮ ದೇಶದಲ್ಲಿ ಹಾಲಿಗೆ ಅದರ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ. ಆ ಹಾಲನ್ನು ಮನೆಯಲ್ಲೂ ಬಳಸಬೇಡಿ, ಡೇರಿಗೂ ಹಾಕಬೇಡಿ. ಎಷ್ಟು ದಿನ ಅಂತ ವೈದ್ಯರೇ ಹೇಳಲಿ.

ಮನುಷ್ಯರಿಗೂ ಇದು ಹೊರತಲ್ಲ. 1995ರಲ್ಲಿ ದಖ್ಖನ್ನಿನ ಹಲವು ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದು ಬೂಸ್ಟು ಹಿಡಿದ ಜೋಳ, ಮೆಕ್ಕೆಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ ಶುರುವಾಯಿತು. ಆ ಕಾಳಿನಲ್ಲಿ ಸಿಕ್ಕಿದ್ದೂ ಫ್ಯುಮೋನಿಸಿನ್. ಬೂಸ್ಟು ದೂಳು ಕುಡಿದ ಕೆಲವು ಗಂಟೆಗಳಲ್ಲಿ ಜ್ವರ, ನಡುಕ, ಉಸಿರು ಬಿಗಿತ ಬಂದರೆ ನೆಗಡಿ ಅಂತ ಸುಮ್ನೆ ಇರಬೇಡಿ. ಆಸ್ಪತ್ರೆಗೆ ಹೋಗಿ, ಬೂಸ್ಟು ಹಿಂಡಿ ಮುಟ್ಟಿದ್ದನ್ನು ಬಾಯಿಬಿಟ್ಟು ಹೇಳಿ.

ದನ, ಜನ ಚೆನ್ನಾಗಿದ್ದು ತೊಟ್ಟಿ ಮಾತ್ರ ಎರಡನೇ ಸಲವೂ ನಿಂತರೆ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಒಂದು ಲೀಟರ್ ತೊಟ್ಟಿ ನೀರು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಗಿಡ, ಏಳು ದಿನದ ತೂಕದ ಚೀಟಿ ಒಯ್ಯಿರಿ. ನಾನು ಹೋದಾಗ ಅಲ್ಲಿನ ಮೇಡಂ ಮೊದಲು ಕೈಗೆ ತಗೊಂಡಿದ್ದು ಆ ಚೀಟಿಯನ್ನೇ.

ಹೊಸ ಮಣ್ಣು, ಹೊಸ ನೀರು ತುಂಬಿದ ಮೇಲೂ ನಾನು ಬಿತ್ತನೆ ಅಜೋಲ್ಲಾ ನೇರ ಬಿಡಲಿಲ್ಲ. ಹತ್ತು ಗ್ರಾಂ ಮಾತ್ರ ಒಂದು ಬುಟ್ಟಿಯಲ್ಲಿ ತೇಲಿಬಿಟ್ಟು ಮೂರು ದಿನ ಬೇರು ನೋಡಿದೆ. ಬಿಳಿ ತುದಿಯ ಹೊಸ ಬೇರು ಇಳಿದ ಮೇಲೆ ಒಂದು ಕೆಜಿ ಹಾಕಿದೆ. ಹನ್ನೆರಡನೇ ದಿನ ತೊಟ್ಟಿ ಮುಚ್ಚಿಕೊಂಡಿತು.